ಕೆಸರಿನಲ್ಲಿ ಹೂತ ಗಾಡಿಗೆ ಎಂಥ ಸಲಿಕೆ ಬೇಕು? ಉದ್ದ ಕಾವಿನದನ್ನು ಹುಡುಕುತ್ತಿದ್ದೇನೆ

ಕೆಮ್ಮಣ್ಣಿನ ಜಿಮ್ನಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದ ಹಿಂದೆ ಬಿಸಿಲೆ ಕಡೆ ಸ್ನೇಹಿತರೊಬ್ಬರ ತೋಟಕ್ಕೆ ಹೊರಟಿದ್ದೆವು. ಡಾಂಬರು ಮುಗಿದ ಮೇಲೆ ಎರಡು ಕಿಲೋಮೀಟರ್ ಟ್ರ್ಯಾಕ್ಟರ್ ಓಡಾಡುವ ಮಣ್ಣಿನ ದಾರಿ. ಹಿಂದಿನ ರಾತ್ರಿ ಮಳೆ ಹುಯ್ದಿತ್ತು. ಟ್ರ್ಯಾಕ್ಟರ್ ಚಕ್ರ ತೋಡಿದ ಕೊರಕಲಿನೊಳಕ್ಕೆ ನನ್ನ ಮಾರುತಿ ಜಿಮ್ನಿ ಜೀಪಿನ ನಾಲ್ಕೂ ಟೈರು ಇಳಿದವು. ನಡುವಿನ ದಿಬ್ಬದ ಮೇಲೆ ಹಿಂದಿನ ಡಿಫರೆನ್ಷಿಯಲ್ (ಹಿಂಚಕ್ರಗಳ ಅಚ್ಚಿನ ನಡುವೆ ಉಬ್ಬಿದ ಗೇರಿನ ಗೂಡು) ಕುಳಿತುಬಿಟ್ಟಿತು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಬೈ ಫೋರ್ ಹಾಕಿದರೂ ಚಕ್ರ ಸುಮ್ಮನೆ ತಿರುಗುತ್ತಿತ್ತು, ಗಾಡಿ ಅಲುಗಲಿಲ್ಲ.

ಆನ್‌ಲೈನ್‌ನಲ್ಲಿ ಕೊಂಡಿದ್ದ ಮಡಚುವ ಸಲಿಕೆ ನನ್ನ ಬಳಿ ಇತ್ತು. ಹತ್ತು ನಿಮಿಷದಲ್ಲಿ ಅದರ ಕೀಲಿನೊಳಗೆ ಕೆಸರು ತುಂಬಿಕೊಂಡಿತು. ಬಿಗಿ ಮಾಡುವ ತಿರುಪು ತಿರುಗದೆ ಹೋಯಿತು. ಅದರ ಉದ್ದ ಮೊಳಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ರಾಡಿಯಲ್ಲಿ ಪಕ್ಕಕ್ಕೆ ಮಲಗಿ, ತೋಳನ್ನು ಪೂರ್ತಿ ಚಾಚಿದರೂ ಡಿಫರೆನ್ಷಿಯಲ್ ಕೆಳಗಿನ ಮಣ್ಣಿಗೆ ಒಂದು ಅಡಿ ಎಟುಕಲಿಲ್ಲ. ಮೂರು ಗಂಟೆ ಕಳೆದ ಮೇಲೆ ತೋಟದ ಆಳೊಬ್ಬರು ಬಂದು, ಉದ್ದ ಗಳುವಿನಿಂದ ಮಣ್ಣನ್ನು ತಿವಿದು ತಿವಿದು ಸಡಿಲ ಮಾಡಿದರು. ಆಮೇಲೆ ಹಗ್ಗ ಕಟ್ಟಿ ಎಳೆದೆವು.

ಇನ್ನು ಆ ಆಟಿಕೆಯನ್ನು ನಂಬುವುದಿಲ್ಲ. ಗಾಡಿ ಬಿಡಿಸಲೂ ಬೇಕು, ಶಿಬಿರ ಹೂಡಿದಾಗ ಬೆಂಕಿಗುಣಿ, ಶೌಚದ ಗುಣಿ ತೋಡಲೂ ಬೇಕು. ಕಾವು ಎಷ್ಟು ಉದ್ದ ಇರಬೇಕು? ಮರದ್ದೋ ಫೈಬರಿನದ್ದೋ? ಅಲಗಿನ ಮೂತಿ ದುಂಡಗಿರಬೇಕೋ ಚೌಕವೋ? ಬಳಸಿ ಪಳಗಿದವರು ದಯವಿಟ್ಟು ಹೇಳಿ.

ತೋಟದ ಜೀಪು, ಸಕಲೇಶಪುರ:

ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕಥೆಯಲ್ಲೇ ಇದೆ. ಒಂದು ಅಡಿ ಎಟುಕಲಿಲ್ಲ ಎಂದಿರಲ್ಲ, ಅಲ್ಲಿಂದಲೇ ಲೆಕ್ಕ ಹಾಕಿ. ಜಿಮ್ನಿಯ ಅಗಲ 1,645 ಮಿಲಿಮೀಟರ್. ಬಾಗಿಲ ಕಡೆಯಿಂದ ನಡುಮಧ್ಯಕ್ಕೆ 82 ಸೆಂಟಿಮೀಟರ್. ಎರಡು ಕೈ ಬಲವಾಗಿ ಹಿಡಿಯಲು ಗಾಡಿಯ ಹೊರಗೆ ಇನ್ನೂ 55-60 ಸೆಂಟಿಮೀಟರ್ ಕಾವು ಉಳಿಯಬೇಕು. ಅಲ್ಲಿಗೆ ತುದಿಯಿಂದ ತುದಿಗೆ 140 ಸೆಂಟಿಮೀಟರ್ ಆಯಿತು. ಮಹೀಂದ್ರ ಥಾರ್ ಇನ್ನೂ ಅಗಲ, 1,820 ಮಿಲಿಮೀಟರ್. ಅದಕ್ಕೆ 150 ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ ಸಲಿಕೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕಾವಿನ ತುದಿ ಭುಜದಿಂದ ಗದ್ದದ ನಡುವೆ ಬಂದರೆ ಸರಿ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ತುದಿಯಲ್ಲಿ ಹಿಡಿಕೆ ಇರುವ ಗಿಡ್ಡ ಕಾವಿನ ಸಲಿಕೆ, ಹೆಚ್ಚೆಂದರೆ ಒಂದು ಮೀಟರ್. ಲಾರಿಗೆ ಮರಳು ತುಂಬಲು, ಕಾಂಕ್ರೀಟ್ ಕಲಸಲು ಅದು ಸರಿಯಾದ ಹತಾರ. ಗಾಡಿಯ ಹೊಟ್ಟೆಯ ಕೆಳಗೆ ಅದು ನಡೆಯುವುದಿಲ್ಲ.

ಉದ್ದದಷ್ಟೇ ಮುಖ್ಯವಾದದ್ದು ಬಾಗು. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅಲಗನ್ನು ನೆಲಕ್ಕೆ ಚಪ್ಪಟೆಯಾಗಿ ಇಡಿ, ಕಾವು ಎಷ್ಟು ಮೇಲೇಳುತ್ತದೆ ನೋಡಿ. ತುದಿ ಸೊಂಟದ ಮಟ್ಟಕ್ಕೆ ಬಂದರೆ ಅದು ಮಣ್ಣು ಎತ್ತಿ ಹಾಕುವ ಸಲಿಕೆ. ಬೆನ್ನಿಗೆ ಹಿತ, ಆದರೆ ಗಾಡಿಯ ಕೆಳಗೆ ತೂರಿಸಿದರೆ ಕಾವು ಬಾಗಿಲ ಕೆಳಗಿನ ಅಂಚಿಗೆ ತಾಗುತ್ತದೆ, ಅಲಗು ಮಣ್ಣಿಗೆ ಕಚ್ಚುವುದಿಲ್ಲ. ನಮಗೆ ಬೇಕಾದದ್ದು ಬಾಗು ಕಡಿಮೆ ಇರುವುದು, ಕಾವಿನ ತುದಿ ಮೊಣಕಾಲಿಗಿಂತ ತುಸು ಮೇಲೆ ನಿಲ್ಲುವಂಥದ್ದು.

ಮೂತಿ ದುಂಡಗೆ, ನಡು ತುಸು ಚೂಪಾಗಿರಲಿ. ಒತ್ತಾದ ಮಣ್ಣಿಗೆ, ಬೇರಿಗೆ ಚೌಕ ಮೂತಿ ಇಳಿಯುವುದೇ ಇಲ್ಲ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಚಿತ್ರ ನೋಡಿ. ಚಾಲಕನ ಮಗ್ಗುಲಲ್ಲೇ, ಮೈಗೆ ಕಟ್ಟಿದ ಸಲಿಕೆ ಮತ್ತು ಕೊಡಲಿ ಕಾಣಿಸುತ್ತವೆ. ಸಲಿಕೆ ಇಳಿದವನ ಕೈಗೆ ಮೊದಲು ಸಿಗಬೇಕು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಹಳೆಯ ಮಹೀಂದ್ರ ಜೀಪಿನಲ್ಲಿ ನನ್ನ ತಂದೆಯವರು ಸಲಿಕೆಯನ್ನು ಇಟ್ಟಿದ್ದೂ ಅದೇ ಮಗ್ಗುಲಲ್ಲಿ.

ಎರೆಹೊಲ, ಗದಗ:

ತೋಟದವರ ಮಾತು ಕೆಮ್ಮಣ್ಣಿಗೆ ಸರಿ ಇರಬಹುದು. ನಮ್ಮ ಎರೆಮಣ್ಣಿಗೆ ಬನ್ನಿ. ಮಳೆ ಬಿದ್ದ ಎರೆಯಲ್ಲಿ ನಾಲ್ಕು ಸಲ ಅಗೆದರೆ ಸಲಿಕೆ ಕಾಣುವುದಿಲ್ಲ, ಐದು ಕಿಲೋ ಮಣ್ಣಿನ ಮುದ್ದೆ ಮಾತ್ರ ಕಾಣುತ್ತದೆ. ಝಾಡಿಸಿದರೂ ಬೀಳುವುದಿಲ್ಲ. ಇಲ್ಲಿ ಗುದ್ದಲಿಯೇ ಮೇಲು. ಎಳೆದ ಮಣ್ಣು ನಮ್ಮ ಕಡೆಗೆ ಬರುತ್ತದೆ, ಎತ್ತಿ ಹಾಕುವ ಗೋಜಿಲ್ಲ. ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ಮಣ್ಣು ತೋಡಿದ್ದು ಗುದ್ದಲಿಯಿಂದಲೇ. ಪ್ರತಿ ಊರಿನಲ್ಲೂ ಸಿಗುತ್ತದೆ, ಕಾವು ಮುರಿದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಹಾಕಬಹುದು. ಅದನ್ನು ಬಿಟ್ಟು ಸಲಿಕೆಗೆ ಏಕೆ ಇಷ್ಟು ಹುಡುಕಾಟ?

ತೋಟದ ಜೀಪು, ಸಕಲೇಶಪುರ:

ಗುದ್ದಲಿಯ ಬಗ್ಗೆ ನನಗೂ ಅಷ್ಟೇ ಗೌರವ, ಅಣ್ಣ. ನನ್ನ ಜೀಪಿನಲ್ಲಿ ಅದೂ ಇದೆ. ಆದರೆ ಗುದ್ದಲಿಗೆ ಬಲ ಬರುವುದು ಬೀಸುವುದರಿಂದ. ಟೈರಿನ ಮುಂದೆ, ದಾರಿಯ ದಿಬ್ಬ ಒಡೆಯುವಾಗ ಬೀಸಲು ಜಾಗ ಇರುತ್ತದೆ. ಹೊಟ್ಟೆ ನೆಲಕ್ಕೆ ತಾಗಿದ ಗಾಡಿಯ ಕೆಳಗೆ ಒಂದು ಗೇಣು ಎತ್ತರವೂ ಉಳಿದಿರುವುದಿಲ್ಲ, ಅಲ್ಲಿ ಗುದ್ದಲಿಯ ಅಲಗು ಅಡ್ಡಕ್ಕೂ ಹೋಗುವುದಿಲ್ಲ. ಅಲ್ಲಿ ಬೇಕಾದದ್ದು ಈಟಿಯಂತೆ ತಿವಿಯುವ ಕೆಲಸ. ಕೆಮ್ಮಣ್ಣಿನ ಜಿಮ್ನಿಯವರಿಗೆ ತೋಟದ ಆಳು ಗಳುವಿನಿಂದ ಮಾಡಿಕೊಟ್ಟದ್ದು ಅದನ್ನೇ. ಉದ್ದ ಸಲಿಕೆ ತಿವಿದು ಸಡಿಲಿಸುತ್ತದೆ, ಆಮೇಲೆ ಬೋರಲು ಮಾಡಿ ಎಳೆದರೆ ಸಡಿಲಾದ ಮಣ್ಣು ಹೊರಗೂ ಬರುತ್ತದೆ.

ಅಂಟುವ ಮಣ್ಣಿನ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ನಿಜ. ಅದಕ್ಕೇ ಕೊಳ್ಳುವಾಗ ಅಲಗಿನ ಬೆನ್ನು ನೋಡಬೇಕು. ಅಗ್ಗದ ಸಲಿಕೆಯಲ್ಲಿ ತಗಡನ್ನು ಮಡಿಸಿ ಒತ್ತಿರುತ್ತಾರೆ, ಬೆನ್ನಿನ ಕಡೆ ಒಂದು ಟೊಳ್ಳು ಉಳಿದಿರುತ್ತದೆ. ಮೊದಲು ಮಣ್ಣು ಕಚ್ಚಿಕೊಳ್ಳುವುದೇ ಅಲ್ಲಿ. ಬೆನ್ನು ಮುಚ್ಚಿದ್ದು ಸಿಕ್ಕರೆ ಬಿಡಬೇಡಿ.

ಎರೆಹೊಲ, ಗದಗ:

ತಿವಿಯುವ ಮಾತು ಒಪ್ಪಿದೆ. ಗಾಡಿಯ ಕೆಳಗೆ ಗುದ್ದಲಿ ಬೀಸಲಾಗದು ಎಂಬುದನ್ನು ನಾನು ಯೋಚಿಸಿರಲಿಲ್ಲ. ಹಾಗಾದರೆ ಎರೆಯವರಿಗೆ ನನ್ನದೂ ಒಂದು ಮಾತು: ಅಲಗು ಆದಷ್ಟು ಕಿರಿದಾಗಿರಲಿ, ಅಗೆಯುವ ಮೊದಲು ಎರಡೂ ಬದಿಗೆ ಹಳೆಯ ಇಂಜಿನ್ ಎಣ್ಣೆ ಬಟ್ಟೆಯಿಂದ ತೆಳುವಾಗಿ ಒರೆಸಿ. ಒಂದು ಬಿದಿರ ಸೀಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಾಗ ಮಣ್ಣು ಕೆರೆಯಿರಿ. ಇಷ್ಟೆಲ್ಲ ಮಾಡಿದ ಮೇಲೂ ಹಸಿ ಎರೆಯಲ್ಲಿ ಅಗೆದಷ್ಟೂ ಗಾಡಿ ಇಳಿಯುತ್ತಲೇ ಹೋದರೆ ಅಗೆಯುವುದನ್ನು ನಿಲ್ಲಿಸಿ. ಟೈರಿನ ಕೆಳಗೆ ಕಲ್ಲು, ಹತ್ತಿಕಟ್ಟಿಗೆ, ಜೋಳದ ದಂಟು, ಏನು ಸಿಗುತ್ತದೋ ಅದನ್ನು ತುಂಬಿ.

ಬಡಗಿಮನೆ, ಶಿರಸಿ:

ಅಲಗಿನ ಬಗ್ಗೆ ಇಷ್ಟು ಮಾತಾಯಿತು, ಕಾವಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕಂಡ ಮುರಿದ ಸಲಿಕೆಗಳಲ್ಲಿ ಅಲಗು ಮುರಿದದ್ದು ಒಂದೂ ಇಲ್ಲ. ಮುರಿಯುವುದು ಯಾವಾಗಲೂ ಕಾವು, ಅದೂ ಕಬ್ಬಿಣದ ಕೊಳವೆಯೊಳಗೆ ಕಾವು ಸೇರುವ ಜಾಗದಲ್ಲಿ. ಉದ್ದ ಕಾವೆಂದರೆ ಉದ್ದ ಸನ್ನೆ. ಮೇಲೆ ನೀವು ಒತ್ತುವ ಭಾರವೆಲ್ಲ ಆ ನಾಲ್ಕು ಬೆರಳು ಜಾಗಕ್ಕೆ ಬಂದು ಕೂರುತ್ತದೆ. ಹಾಗಾಗಿ ಕೊಳವೆ ಉದ್ದ ಇದ್ದಷ್ಟೂ ಒಳ್ಳೆಯದು. ಒಂದು ಗೇಣಿಗಿಂತ ಕಡಿಮೆ ಇರುವುದನ್ನು ನಾನು ಮುಟ್ಟುವುದಿಲ್ಲ.

ಹೊರದೇಶದವರು ಆ್ಯಶ್, ಹಿಕರಿ ಮರದ ಕಾವನ್ನು ಹೊಗಳುತ್ತಾರೆ. ನಮ್ಮಲ್ಲಿ ಅದಕ್ಕೆ ಸಮನಾಗಿ ನಿಲ್ಲುವ ಮರಗಳಿವೆ. ತಡಸಲು ಬಾಗುತ್ತದೆ, ಮುರಿಯುವುದಿಲ್ಲ. ಏಟಿನ ಅದುರು ಕೈಗೆ ಬರದಂತೆ ನುಂಗಿಕೊಳ್ಳುತ್ತದೆ. ದಿಂಡಿಗ ಅದಕ್ಕಿಂತ ಭಾರ, ಅದಕ್ಕಿಂತ ಗಟ್ಟಿ. ಇಂಗ್ಲಿಷಿನಲ್ಲಿ ಆ ಮರವನ್ನು ಗಾಡಿಯ ಅಚ್ಚಿನ ಮರ (ಆ್ಯಕ್ಸಲ್‌ವುಡ್) ಎಂಬ ಅರ್ಥದಲ್ಲೇ ಕರೆಯುತ್ತಾರೆ. ಬಯಲುಸೀಮೆಯವರಿಗೆ ಕರಿಜಾಲಿ ಇದೆ, ಆದರೆ ಐದು ಅಡಿ ನೇರ ತುಂಡು ಸಿಗುವುದು ಅಪರೂಪ. ಸಾಗುವಾನಿ ಬೇಡ. ಬಾಗಿಲು ಕಿಟಕಿಗೆ ಚಂದ, ಸನ್ನೆಯ ಏಟಿಗೆ ಸೀಳುತ್ತದೆ. ಕಾಡಿಗೆ ನುಗ್ಗಿ ಕಡಿಯಬೇಡಿ, ಸಾಮಿಲ್‌ನಲ್ಲಿ ಕೇಳಿ ಪಡೆಯಿರಿ.

ತುಂಡನ್ನು ಆರಿಸುವಾಗ ಬಿಸಿಲಿಗೆ ಹಿಡಿದು ಎಳೆ ನೋಡಿ. ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿ ಓಡಬೇಕು. ನಡುವೆ ಓರೆಯಾಗಿ ಮಗ್ಗುಲಿಗೆ ಹೊರಟುಹೋದರೆ ಸೀಳು ಬಿಡುವುದು ಅಲ್ಲೇ. ಕೆಳಗಿನ ಎರಡು ಅಡಿಯಲ್ಲಿ ಗಂಟು ಇರಬಾರದು.

ಕೂರಿಸುವುದರಲ್ಲೂ ಒಂದು ಕ್ರಮವಿದೆ. ಕೊಳವೆ ಒಳಗೆ ಹೇಗೆ ಸಣ್ಣಗಾಗುತ್ತದೋ ಹಾಗೆಯೇ ಕಾವಿನ ತುದಿಯನ್ನು ಕೆತ್ತಬೇಕು. ಒಳಗೆ ಸ್ವಲ್ಪ ಮಸಿ ಬಳಿದು ಒಮ್ಮೆ ತೂರಿಸಿ ತೆಗೆದರೆ ಎಲ್ಲಿ ತಾಗುತ್ತದೆ ಎಂದು ಮರದ ಮೇಲೆ ಗುರುತು ಬೀಳುತ್ತದೆ. ಆ ಗುರುತನ್ನಷ್ಟೇ ಹೆರೆಯಿರಿ. ಮಸಿ ಸುತ್ತಲೂ ಒಂದೇ ಸಮ ಹತ್ತುವವರೆಗೆ ಹೀಗೇ ಮಾಡಿ. ಆಮೇಲೆ ಅಲಗನ್ನು ಸುತ್ತಿಗೆಯಿಂದ ಹೊಡೆಯಬೇಡಿ. ಸಲಿಕೆಯನ್ನು ಅಲಗು ಕೆಳಗಾಗಿ ತೂಗುಹಾಕಿದಂತೆ ಹಿಡಿದು, ಕಾವಿನ ಮೇಲ್ತುದಿಗೆ ಮರದ ಕೊಡತಿಯಿಂದ ಹೊಡೆಯಿರಿ. ಅಲಗು ತನ್ನ ಭಾರಕ್ಕೆ ತಾನೇ ಮೇಲಕ್ಕೇರಿ ಬಿಗಿಯಾಗುತ್ತದೆ. ಕೊನೆಗೆ ರಿವೆಟ್ ಹಾಕಿ. ಮೊಳೆ ಹೊಡೆದರೆ ಮರ ಅಲ್ಲೇ ಸೀಳುತ್ತದೆ.

ವಾರ್ನಿಷ್ ಬೇಡ, ಅಂಗೈಯಲ್ಲಿ ಬೊಬ್ಬೆ ಏಳಿಸುತ್ತದೆ. ಅಗಸೆ ಎಣ್ಣೆ ಹಚ್ಚಿ.

ಮರಳ ದಾರಿ, ಮಂಗಳೂರು:

ಮೊದಲಿಗೆ ಮಾತಿನ ಗೊಂದಲ ಬೇಡ ಎಂದು ಹೇಳುತ್ತೇನೆ, ನಮ್ಮ ಜಿಲ್ಲೆಯಲ್ಲಿ ಹಾರೆ ಎಂದರೆ ಮಣ್ಣು ಎಳೆಯುವ ಗುದ್ದಲಿ. ಘಟ್ಟದ ಮೇಲಿನವರಿಗೆ ಅದು ಕಬ್ಬಿಣದ ಕೋಲು. ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಕೇಳುವುದಕ್ಕಿಂತ ಬೆರಳು ತೋರಿಸಿ ಕೇಳಿ.

ನನ್ನ ಅನುಭವ ಮರಳಿನದು. ಕಣ್ಣೂರಿನ ಮುಳಪ್ಪಿಲಂಗಾಡ್‌ನಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಕಡಲತೀರದ ಮೇಲೆ ಗಾಡಿ ಓಡಿಸಬಹುದು. ನೀರಿನಂಚಿನ ಮರಳು ಗಟ್ಟಿ, ಮೇಲಿನ ಒಣ ಮರಳು ಹಿಟ್ಟಿನಂತೆ. ಅಲ್ಲಿ ಸಿಕ್ಕಿಕೊಂಡರೆ ಮೊದಲು ಸಲಿಕೆ ಹಿಡಿಯಬೇಡಿ, ಟೈರಿನ ಗಾಳಿ ಇಳಿಸಿ. ಒತ್ತಡ 30 ಪಿಎಸ್‌ಐ ಇದ್ದದ್ದನ್ನು 16-18ಕ್ಕೆ ತಂದರೆ ಟೈರು ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಗಾಳಿ ತುಂಬುವ ಪಂಪು ಜೊತೆಗಿರಲಿ, ಇಳಿಸಿದ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಬಾರದು.

ಆಮೇಲೆ ಸಲಿಕೆ. ಎಲ್ಲರೂ ಮಾಡುವ ತಪ್ಪು ಟೈರಿನ ಮುಂದೆ ಒಂದು ಸಣ್ಣ ಗುಣಿ ತೋಡುವುದು. ಹಾಗಲ್ಲ. ನಾಲ್ಕೂ ಟೈರಿನ ಮುಂದೆ ಕನಿಷ್ಠ ಮೂರು ಅಡಿ ಉದ್ದಕ್ಕೆ ನಿಧಾನವಾಗಿ ಏರುವ ಇಳಿಜಾರು ಮಾಡಿ. ತೋಡಿದ ಮರಳನ್ನು ದೂರಕ್ಕೆ ಎಸೆಯಿರಿ, ಬಳಿಯಲ್ಲೇ ರಾಶಿ ಹಾಕಿದರೆ ಪುನಃ ಜಾರಿ ಬರುತ್ತದೆ. ಈ ಕೆಲಸಕ್ಕೆ ಮಾತ್ರ ಅಗಲವಾದ ಅಲಗು ಬೇಕೆನಿಸುತ್ತದೆ. ಆದರೂ ಒಂದೇ ಸಲಿಕೆ ಒಯ್ಯುವುದಾದರೆ ದುಂಡು ಮೂತಿಯನ್ನೇ ಆರಿಸುತ್ತೇನೆ.

ಇನ್ನೊಂದು ಉಪಯೋಗ. ಬಯಲಲ್ಲಿ ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ) ಇದ್ದರೂ ಹಗ್ಗ ಕಟ್ಟಲು ಮರ ಇರುವುದಿಲ್ಲ. ಆಗ ಹೆಚ್ಚುವರಿ ಚಕ್ರವನ್ನೇ ಹೂಳಬೇಕು. ಎಳೆಯುವ ದಿಕ್ಕಿಗೆ ಅಡ್ಡವಾಗಿ ಎರಡೂವರೆ ಮೂರು ಅಡಿ ಆಳದ ಗುಣಿ, ಅದರೊಳಗೆ ನೆಟ್ಟಗೆ ನಿಲ್ಲಿಸಿದ ಚಕ್ರ, ಚಕ್ರಕ್ಕೆ ಕಟ್ಟಿದ ಪಟ್ಟಿ ಹೊರಬರಲು ಗಾಡಿಯ ಕಡೆಗೆ ಓರೆಯಾದ ಒಂದು ಸೀಳು. ಮರಳಿನಲ್ಲಿ ಇದನ್ನು ಗಿಡ್ಡ ಸಲಿಕೆಯಿಂದ ತೋಡಲು ಹೊರಟರೆ ಬೆನ್ನು ಉಳಿಯುವುದಿಲ್ಲ.

ಹೊಸ ಚಾಲಕಿ, ಮೈಸೂರು:

ನಾನು ಐದು ಅಡಿ ಎತ್ತರ, ಒಬ್ಬಳೇ ಪ್ರಯಾಣ ಮಾಡುವುದು ಹೆಚ್ಚು. ಐದು ಅಡಿ ಸಲಿಕೆ ನನ್ನಷ್ಟೇ ಉದ್ದವಾಗುತ್ತದೆ. ಎತ್ತಲು ಆದೀತೇ? ಪೂರ್ತಿ ಕಬ್ಬಿಣದ ಕೊಳವೆಯ ಕಾವು ಗಟ್ಟಿ ಎಂದು ಅಂಗಡಿಯವರು ಒತ್ತಾಯಿಸಿದರು.

ಬಡಗಿಮನೆ, ಶಿರಸಿ:

ಕಬ್ಬಿಣದ ಕಾವು ಬೇಡ, ತಂಗಿ. ಭಾರ, ಬಿಸಿಲಿಗೆ ಕಾಯುತ್ತದೆ, ಕಲ್ಲಿಗೆ ತಾಗಿದ ಏಟು ನೇರ ಮೊಣಕೈಗೆ ಬರುತ್ತದೆ. ಒಮ್ಮೆ ಬಾಗಿದರೆ ನೆಟ್ಟಗಾಗುವುದೂ ಇಲ್ಲ. ಮರದ ಕಾವಿನ ಸಲಿಕೆ ಎರಡು, ಎರಡೂವರೆ ಕಿಲೋ ಒಳಗೆ ಇರುತ್ತದೆ. ನಿಮಗೆ 135-140 ಸೆಂಟಿಮೀಟರ್ ಸಾಕು. ಕಾವು ನಿಮ್ಮ ಮುಷ್ಟಿಗೆ ಹೊಂದಬೇಕು. ಹಿಡಿದಾಗ ನಡುಬೆರಳಿನ ತುದಿ ಹೆಬ್ಬೆರಳಿನ ಬುಡಕ್ಕೆ ಹತ್ತಿರ ಬರುವಷ್ಟು ತೆಳುವಾಗಿ ಹೆರೆಸಿಕೊಳ್ಳಿ. ಉದ್ದ ಕಾವಿನಲ್ಲಿ ಎತ್ತುವುದಕ್ಕೆ ತೋಳನ್ನು ಬಳಸಬೇಡಿ. ಮುಂದಿನ ಕೈಯನ್ನು ತೊಡೆಯ ಮೇಲೆ ಊರಿ, ಹಿಂದಿನ ಕೈಯನ್ನು ಕೆಳಕ್ಕೆ ಒತ್ತಿ. ಅಲಗು ತಾನಾಗಿ ಮೇಲೇಳುತ್ತದೆ. ನಮ್ಮೂರಿನ ಹೆಂಗಸರು ದಿನವಿಡೀ ಮಣ್ಣು ಹಾಕುವುದು ಹಾಗೆಯೇ.

ಸಿಯೆರಾ ತಪ್ಪಲು, ಕ್ಯಾಲಿಫೋರ್ನಿಯಾ:

ದಾವಣಗೆರೆಯವನು, ಈಗ ಇಲ್ಲಿದ್ದೇನೆ. ಇಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ಶಿಬಿರದ ಬೆಂಕಿ ಹಾಕಲು ಪರವಾನಗಿ ಬೇಕು. ಅದರ ಷರತ್ತುಗಳಲ್ಲಿ ಬೆಂಕಿಯ ಬಳಿ ಸಲಿಕೆ ಇರಲೇಬೇಕು ಎಂಬುದೂ ಒಂದು. ಸುತ್ತಲೂ ಐದು ಅಡಿ ಹುಲ್ಲು, ತರಗೆಲೆ ಕೆರೆದು ಬರಿನೆಲ ಮಾಡಬೇಕು. ಹೊರಡುವಾಗ ನೀರು ಹೊಯ್ದು, ಸಲಿಕೆಯಿಂದ ಕಲಸಿ, ಮತ್ತೆ ನೀರು ಹೊಯ್ದು, ಕೈಯ ಹಿಂಬದಿಯಿಂದ ಬಿಸಿ ಮುಟ್ಟಿ ನೋಡಿ ಹೊರಡುತ್ತೇವೆ. ಕೆಂಡದ ಮೇಲೆ ಬರಿ ಮಣ್ಣು ಮುಚ್ಚಿ ಹೋಗುವವರನ್ನು ಊರಿನಲ್ಲಿ ನೋಡಿದ್ದೇನೆ. ಒಳಗೆ ಕೆಂಡ ಗಂಟೆಗಟ್ಟಲೆ ಜೀವಂತ ಇರುತ್ತದೆ, ಮುಂದೆ ಬರುವವರು ಬರಿಗಾಲಲ್ಲಿ ತುಳಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಶೌಚದ ಗುಣಿ 15-20 ಸೆಂಟಿಮೀಟರ್ ಆಳ, ನೀರಿನಿಂದ ಕನಿಷ್ಠ 60 ಮೀಟರ್ ದೂರ. ಅದಕ್ಕಿಂತ ಆಳ ತೋಡಿದರೆ ಮಲವನ್ನು ಕರಗಿಸುವ ಮೇಲ್ಮಣ್ಣಿನ ಜೀವಿಗಳು ಅಲ್ಲಿರುವುದಿಲ್ಲ.

ಫೈಬರ್ ಕಾವಿನ ಬಗ್ಗೆ ಕೇಳಿದ್ದಿರಿ. ನನ್ನದು ಫೈಬರಿನದ್ದೇ. ಗೆದ್ದಲು ಹಿಡಿಯುವುದಿಲ್ಲ, ಮಳೆಗೆ ಉಬ್ಬುವುದಿಲ್ಲ. ಆದರೆ ಗಾಡಿಯ ಮೇಲೆ ಮೂರು ವರ್ಷ ಬಿಸಿಲು ಕಂಡು ಮೈ ಒರಟಾಯಿತು, ಕಣ್ಣಿಗೆ ಕಾಣದ ಮುಳ್ಳು ಅಂಗೈಗೆ ಚುಚ್ಚುತ್ತವೆ, ಈಗ ಕೈಗವಸು ಇಲ್ಲದೆ ಹಿಡಿಯಲಾಗುವುದಿಲ್ಲ. ಮುರಿದರೆ ಕಾಡಿನಲ್ಲಿ ಸರಿಮಾಡುವ ದಾರಿಯೂ ಇಲ್ಲ. ಊರಿನಲ್ಲಿ ಬಡಗಿ ಸಿಗುವವರು ಮರವನ್ನೇ ಹಾಕಿಸಿ. ಎರಡು ತುಂಡಾಗಿ ಬಿಚ್ಚುವ ಕಾವನ್ನೂ ಬಳಸಿ ನೋಡಿದೆ. ಮರಳಿನ ಒಂದು ಕಾಳು ತಿರುಪಿನೊಳಗೆ ಹೋದರೆ ಸೇರಿಸಲೂ ಆಗದು, ಬಿಚ್ಚಲೂ ಆಗದು.

ಘಟ್ಟದ ತಿರುವು, ಶಿವಮೊಗ್ಗ:

ಎಲ್ಲ ಚೆನ್ನಾಗಿದೆ, ಜೀವದ ಮಾತೊಂದು ಸೇರಿಸುತ್ತೇನೆ. ಅಗೆಯುವ ಮೊದಲು ಇಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು, ಕೈಬ್ರೇಕ್ ಎಳೆದು, ಇಳಿಜಾರಿನ ಕಡೆಯ ಟೈರಿಗೆ ಕಲ್ಲು ಕೊಡಿ. ಮಣ್ಣು ತೆಗೆದಂತೆ ಗಾಡಿ ಯಾವ ಕಡೆಗಾದರೂ ಕುಸಿಯಬಹುದು. ತಲೆ, ತೋಳು ಯಾವುದನ್ನೂ ಕೆಳಗೆ ತೂರಿಸಬೇಡಿ. ಉದ್ದ ಕಾವು ಕೊಳ್ಳುವುದೇ ಅದಕ್ಕೆ. ಸಲಿಕೆಯನ್ನು ಟೈರಿನ ಕೆಳಗೆ ಹಲಗೆಯಂತೆ ಕೊಟ್ಟು ಆಕ್ಸಿಲರೇಟರ್ ಒತ್ತಿದವರನ್ನು ಕಂಡಿದ್ದೇನೆ. ಚಕ್ರ ಅದನ್ನು ಹಿಂದಕ್ಕೆ ಉಗುಳಿತು, ಹಿಂದೆ ನಿಂತಿದ್ದ ಹುಡುಗನ ಮೊಣಕಾಲಿಗೆ ಬಿತ್ತು. ಗಾಡಿ ಎಳೆಯುವಾಗ ಸಲಿಕೆ ಒಳಗೆ, ಜನ ದೂರ.

ಮತ್ತೆ ಇಂಜಿನ್ ಚಾಲೂ ಮಾಡುವ ಮೊದಲು ಹೊಗೆಕೊಳವೆಯ ಬಾಯಿಗೆ ಮೆತ್ತಿದ ಮಣ್ಣು ತೆಗೆಯಿರಿ. ಅದು ಮುಚ್ಚಿದ್ದರೆ ವಿಷದ ಹೊಗೆ ಗಾಡಿಯೊಳಗೆ ಸೇರಬಹುದು.

ತೋಟದ ಜೀಪು, ಸಕಲೇಶಪುರ:

ಇದು ಎಲ್ಲರೂ ಎರಡು ಸಲ ಓದಬೇಕಾದ ಮಾತು.

ಕೆಮ್ಮಣ್ಣಿನ ಜಿಮ್ನಿ, ಬೆಂಗಳೂರು:

ಎಲ್ಲರಿಗೂ ಮನಸಾರೆ ಧನ್ಯವಾದ. ಶನಿವಾರ ಹತಾರದ ಅಂಗಡಿಗಳಿರುವ ಎಸ್‌.ಜೆ.ಪಿ. ರಸ್ತೆಗೆ ಹೋಗಿದ್ದೆ. ನಾಲ್ಕು ಅಂಗಡಿ ತಿರುಗಿದೆ. ಉದ್ದ ಕಾವಿನದು ಸಿದ್ಧವಾಗಿ ಎಲ್ಲೂ ಸಿಗಲಿಲ್ಲ, ಹಾಗಾಗಿ ಅಲಗು ಮಾತ್ರ ಕೊಂಡೆ. ಟಾಟಾ ಅಗ್ರಿಕೊದ ದುಂಡು ಮೂತಿಯದು. ಕೊಳ್ಳುವ ಮೊದಲು ಹಲವನ್ನು ದಾರಕ್ಕೆ ತೂಗುಹಾಕಿ ಬೀಗದ ಕೈಯಿಂದ ತಟ್ಟಿ ನೋಡಿದೆ. ಹದ ಕೊಟ್ಟ ಉಕ್ಕು ಗಂಟೆಯಂತೆ ಉಲಿಯಿತು, ತೆಳು ತಗಡಿನದ್ದು ಡಬ್ಬದಂತೆ ಸದ್ದು ಮಾಡಿತು. ದಪ್ಪ ಎರಡು ಮಿಲಿಮೀಟರ್ ಹತ್ತಿರ ಇರುವುದನ್ನೇ ಆರಿಸಿದೆ. ಅಂಚು ಮೊಂಡಾಗಿತ್ತು. ಮನೆಯಲ್ಲಿ ಅರ ಹಿಡಿದು ಒಳಬದಿಯಿಂದ ಮಾತ್ರ ಉಜ್ಜಿ, ಬೇರು ಕತ್ತರಿಸುವಷ್ಟು ಹರಿತ ಮಾಡಿಕೊಂಡೆ.

ತಡಸಲು ಬೆಂಗಳೂರಿನಲ್ಲಿ ಸಿಗಲಿಲ್ಲ. ಹಾಸನದ ಸಾಮಿಲ್‌ನಿಂದ ಸ್ನೇಹಿತರು ದಿಂಡಿಗದ ತುಂಡು ಕಳುಹಿಸಿದರು. ಬಡಗಿಯವರ ಪಕ್ಕ ಕುಳಿತು ಮಸಿ ಬಳಿದು ನೋಡುವ ಕೆಲಸವನ್ನು ನಾನೇ ಮಾಡಿದೆ. ಏಳನೇ ಸಲಕ್ಕೆ ಸುತ್ತಲೂ ಒಂದೇ ಸಮ ಹತ್ತಿತು. ಕೊಡತಿಯಿಂದ ತುದಿಗೆ ಹೊಡೆದಾಗ ಅಲಗು ಮೇಲೇರುವುದನ್ನು ಕಣ್ಣಾರೆ ಕಂಡು ಬಹಳ ಸಂತೋಷವಾಯಿತು. ತುದಿಯಿಂದ ತುದಿಗೆ 145 ಸೆಂಟಿಮೀಟರ್. ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು.

ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ ಪಕ್ಕದಿಂದ ತೂರಿಸಿ ನೋಡಿದೆ. ಮಂಡಿಯೂರಿ ಕುಳಿತಲ್ಲಿಂದಲೇ ಡಿಫರೆನ್ಷಿಯಲ್ ಕೆಳಗೆ ಅಲಗು ಆರಾಮವಾಗಿ ಹೋಯಿತು, ಎರಡು ಕೈಗೂ ಹೊರಗೆ ಜಾಗ ಉಳಿಯಿತು. ಒಳಗೆ ಇಡುವುದಕ್ಕೆ ಹಿಂದಿನ ಸೀಟಿನ ಒಂದು ಬದಿ ಮಡಚಿ ಓರೆಯಾಗಿ ಮಲಗಿಸಿ, ಎರಡು ಕಡೆ ಪಟ್ಟಿಯಿಂದ ಬಿಗಿದಿದ್ದೇನೆ. ಅಲಗಿಗೆ ಹಳೆಯ ಟ್ಯೂಬಿನ ಚೀಲ ಹೊಲಿಸಿದೆ. ಬ್ರೇಕ್ ಒತ್ತಿದಾಗ ಹಾರಿ ಬರಬಾರದಲ್ಲ.

ಅಗಸೆ ಎಣ್ಣೆ ಎರಡು ಸಲ ಹಚ್ಚಿ ಮಾಳಿಗೆಯ ನೆರಳಿನಲ್ಲಿ ಇಟ್ಟಿದ್ದೇನೆ. ಬಡಗಿಮನೆಯವರೇ, ಮೂರನೆಯದಕ್ಕೆ ಎಷ್ಟು ದಿನ ಬಿಡಲಿ?

ಬಡಗಿಮನೆ, ಶಿರಸಿ:

ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಲಿ, ಈ ಹವೆಯಲ್ಲಿ ಮೂರು ನಾಲ್ಕು ದಿನ ಬೇಕಾಗಬಹುದು. ತೆಳುವಾಗಿ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವೇರುತ್ತದೆ, ಬಟ್ಟೆಗೆ ತಾನಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿನಲ್ಲಿ ನೆನೆಹಾಕಿ. ಈಗ ಮಾಳಿಗೆಯಲ್ಲಿ ಹಾಗೇ ಬಿದ್ದಿದ್ದರೆ ಮೊದಲು ಹೋಗಿ ಅದನ್ನು ತೆಗೆಯಿರಿ.